ಹೊಳೆ ನೋಡಿ ದೋಣಿ ಕೊಳ್ಳಿ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳು

ವಿಷಯ: ಪ್ರವಾಹ ರಕ್ಷಣಾ ದೋಣಿಗಳ ಖರೀದಿ ಕುರಿತು

ಮಾನ್ಯರೇ,

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರಾಗಿರುವುದರಿಂದ ಈ ಪತ್ರವನ್ನು ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಮುಂದಿನ ಸಲ ರಕ್ಷಣಾ ದೋಣಿಗೆ ಟೆಂಡರ್ ಕರೆಯುವಾಗ, ಅದರ ಸ್ಪೆಸಿಫಿಕೇಶನ್ನನ್ನು, ಅಂದರೆ ದೋಣಿ ಹೇಗಿರಬೇಕೆಂಬ ವಿವರವನ್ನು, ಯಾವುದೋ ಕಂಪನಿಯ ಕ್ಯಾಟಲಾಗ್ ಎದುರಿಗಿಟ್ಟುಕೊಂಡು ಬರೆಸಬೇಡಿ. ಕೃಷ್ಣೆಯ ದಡದಲ್ಲಿ, ತುಂಗಭದ್ರೆಯ ದಡದಲ್ಲಿ ನಿಂತು ಬರೆಸಿ. ನನ್ನ ಬೇಡಿಕೆ ಇಷ್ಟೇ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದಕ್ಕೆ ಉಳಿದ ಪತ್ರ.

ನಾನು ಲಿಂಗಸೂಗೂರು ತಾಲ್ಲೂಕಿನವನು. ನೌಕಾಪಡೆಯಲ್ಲಿ ಇಂಜಿನ್ ರೂಮಿನ ನಾವಿಕನಾಗಿದ್ದೆ. ಸೇವೆಯ ಕೊನೆಯ ಭಾಗ ಕಳೆದದ್ದು ಕಾರ್ ನಿಕೋಬಾರ್ ವರ್ಗದ ಗಸ್ತು ಹಡಗಿನಲ್ಲಿ. ಈಗ ಊರಿಗೆ ಬಂದು ಟ್ರ್ಯಾಕ್ಟರ್, ಭತ್ತದ ಕಟಾವು ಮಷೀನುಗಳ ಇಂಜಿನ್ ರಿಪೇರಿ ಶೆಡ್ ಇಟ್ಟುಕೊಂಡಿದ್ದೇನೆ. ಸಮುದ್ರದ ಹಡಗಿಗೂ ಬಯಲುಸೀಮೆಯ ಹೊಳೆಗೂ ಏನು ಸಂಬಂಧ ಎಂದು ತಮಗೆ ಅನ್ನಿಸಬಹುದು. ಸಂಬಂಧ ಬಹಳ ಇದೆ.

ನಮ್ಮದು ಎರಡು ಹೊಳೆಗಳ ನಡುವಿನ ಎಡೆದೊರೆ ನಾಡು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡುವ ಇದೇ ಜನ, ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ನೀರಿನ ನಡುವೆ ಸಿಕ್ಕಿಕೊಳ್ಳುತ್ತಾರೆ. ಆಲಮಟ್ಟಿ ತುಂಬಿ ನಾರಾಯಣಪುರದ ಗೇಟು ಎತ್ತಿದರೆಂದರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಹೊಳೆ ನಡುವಿನ ನಮ್ಮ ತಾಲ್ಲೂಕಿನ ಗಡ್ಡಿಗಳಿಗೆ (ನಡುಗಡ್ಡೆಗಳಿಗೆ) ದಾರಿ ಕಡಿಯುತ್ತದೆ. ಕೆಳಗೆ ರಾಯಚೂರು ತಾಲ್ಲೂಕಿನಲ್ಲಿ ಕುರ್ವಕುಲ, ಕುರ್ವಕುರ್ದದವರ ಕಥೆಯೂ ಇದೇ. ಅತ್ತ ತುಂಗಭದ್ರೆ ಏರಿದರೆ ಕಂಪ್ಲಿ ಸೇತುವೆ ನೀರಿನಡಿ ಹೋಗುತ್ತದೆ, ಬಳ್ಳಾರಿ ಕಡೆಯವರು ಗಂಗಾವತಿಗೆ ಸುತ್ತುಹಾಕಿ ಹೋಗಬೇಕು. 2019ರ ಆಗಸ್ಟ್‌ನಲ್ಲಿ ವಿರುಪಾಪುರಗಡ್ಡಿಯ ಬಳಿ ರಕ್ಷಣೆಗೆ ಹೋದವರ ದೋಣಿಯೇ ಮಗುಚಿ, ಅವರನ್ನು ಕಾಪಾಡಲು ಮತ್ತೊಬ್ಬರು ಹೋಗಬೇಕಾಯಿತು. ಮರುವರ್ಷ ಅದೇ ಆಗಸ್ಟ್‌ನಲ್ಲಿ ಕುರ್ವಕುಲದ ಹತ್ತಿರ ಕೃಷ್ಣೆಯಲ್ಲಿ ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನು ಕಡಿದು ಹೋದಾಗ, ಮೂರೂ ಜಿಲ್ಲೆಗಳ ಹೊಳೆದಂಡೆಯ ಊರುಗಳು ನಿದ್ದೆಗೆಟ್ಟವು. ನೀರು ಹೇಳಿಕೇಳಿ ಬರುತ್ತದೆ ಎಂದು ನಂಬಿ ಕೂರುವ ಕಾಲ ಮುಗಿಯಿತು.

ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ಯಾವ ಊರು, ಯಾವ ಇಲಾಖೆಯ ದೋಣಿ ಎಂಬುದು ಇಲ್ಲಿ ಬೇಡ. ದೋಣಿ ನಡೆಸಿದ ಹುಡುಗರ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಗಡ್ಡಿಗೆ ರೇಷನ್, ಔಷಧದ ಡಬ್ಬಿ, ಒಬ್ಬ ಲೈನ್‌ಮನ್ ಹೋಗಬೇಕಿತ್ತು. ಹೊಸ ರಬ್ಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಮೋಟರ್. ದಡ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ಇಂಜಿನ್ ಭರ್ರೆಂದು ಕೂಗತೊಡಗಿತು, ದೋಣಿ ಮಾತ್ರ ಮುಂದೆ ಹೋಗದೆ ಸೆಳವಿನ ಜೊತೆ ಕೆಳಗೆ ಸರಿಯಿತು. ಅಡ್ಡಡ್ಡ ಹೋಗಿ ಒಂದು ಬೇವಿನ ಮರಕ್ಕೆ ಹಗ್ಗ ಬಿಗಿದದ್ದರಿಂದ ಉಳಿದರು. ದಡಕ್ಕೆ ಎಳೆದ ಮೇಲೆ ನಾನೇ ಮೋಟರ್ ಎತ್ತಿ ನೋಡಿದೆ. ನದಿ ಪಂಪ್‌ಸೆಟ್ಟಿನ ನೈಲಾನ್ ಹಗ್ಗ ಪ್ರೊಪೆಲರಿಗೆ ಸುತ್ತಿಕೊಂಡು ಗಂಟಾಗಿತ್ತು. ಒಂದು ರೆಕ್ಕೆ ಬಂಡೆಗೆ ಬಡಿದು ತುದಿ ಮಡಚಿತ್ತು. ಪ್ರೊಪೆಲರಿನ ನಡುವಿನ ರಬ್ಬರ್ ಬುಷ್ ಹರಿದಿತ್ತು. ಶಾಫ್ಟ್ ತಿರುಗುತ್ತಿತ್ತು, ರೆಕ್ಕೆ ತಿರುಗುತ್ತಿರಲಿಲ್ಲ. ಇಂಜಿನ್ನಿಗೆ ಪೆಟ್ಟು ಬೀಳಬಾರದೆಂದೇ ಆ ಬುಷ್ ಇಟ್ಟಿರುತ್ತಾರೆ, ಅದು ತನ್ನ ಕೆಲಸ ಮಾಡಿತ್ತು. ಆದರೆ ಬದಲಿ ಪ್ರೊಪೆಲರ್ ಚೀಲದಲ್ಲಿ ಇರಲಿಲ್ಲ, ತಾಲ್ಲೂಕಿನಲ್ಲೂ ಇರಲಿಲ್ಲ. ರೇಷನ್ ಮರುದಿನ ಹರಿಗೋಲಿನಲ್ಲಿ ಹೋಯಿತು. ಹುಟ್ಟು ಹಾಕಿದ ಅಂಬಿಗ ಕಾಕಾ ಆ ಮೋಟರಿನ ಕಡೆ ನೋಡಿ ಹೇಳಿದ್ದು: "ಮಷೀನ್ ಜೋರ್ ಐತ್ರಿ, ಖರೆ. ಆದ್ರ ಅದಕ್ಕ ನಮ್ಮ ಹೊಳಿ ಗುರ್ತಿಲ್ಲ."

ಆ ಮಾತು ಕೇಳಿದಾಗ ನನಗೆ ನನ್ನ ಹಡಗು ಹುಟ್ಟಿದ ಬಗೆ ನೆನಪಾಯಿತು.

ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ಯುದ್ಧನೌಕೆ ಐಎನ್‌ಎಸ್ ಅಜಯ್. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ತಯಾರಾಗಿ 1961ರಲ್ಲಿ ಸೇವೆಗೆ ಬಂತು. ದೊಡ್ಡ ಕ್ರೂಸರ್ ಅಲ್ಲ, ಅದೊಂದು ಸಣ್ಣ ಗಸ್ತು ನೌಕೆ. ಅದೇ ಹಡಗುಕಟ್ಟೆ ಮುಂದೆ ಗಸ್ತು ನೌಕೆಗಳನ್ನು ಒಂದರ ಬೆನ್ನಿಗೆ ಒಂದರಂತೆ ತಿದ್ದುತ್ತ ಬಂತು. 2000ದ ನಂತರ ಟ್ರಿಂಕಟ್ ವರ್ಗ, ಅದರ ಬೆನ್ನಿಗೆ 2006ರ ಸುಮಾರಿಗೆ ಬಂಗಾರಂ ವರ್ಗ. ಎರಡೂ 46 ಮೀಟರ್ ಉದ್ದದವು, ಸುಮಾರು 260 ಟನ್ ತೂಕದವು, ಮಾಮೂಲು ಪ್ರೊಪೆಲರಿನವು. ಅವು ಕೆಟ್ಟ ಹಡಗುಗಳಲ್ಲ. ಆದರೆ ಕಾಯಬೇಕಾಗಿದ್ದ ನೀರು ಯಾವುದು? ಲಕ್ಷದ್ವೀಪದ ಹವಳದ ದಿಬ್ಬಗಳು, ಅಂಡಮಾನ್ ನಿಕೋಬಾರದ ದ್ವೀಪಗಳ ಸಂದುಗಳು, ಮೀನುಬಲೆ ತುಂಬಿದ ಕರಾವಳಿಯ ತೆಳು ನೀರು. ಓಡಿಹೋಗುವ ದೋಣಿ ಆಳವಿಲ್ಲದ ಕಡೆಗೇ ನುಗ್ಗುತ್ತದೆ. ಬೆನ್ನಟ್ಟುವ ಹಡಗಿನ ಪ್ರೊಪೆಲರ್, ಚುಕ್ಕಾಣಿ ಎರಡೂ ಹೊಟ್ಟೆಯ ಕೆಳಗೆ ಜೋತಾಡುತ್ತಿದ್ದರೆ ಹಿಂದೆ ಉಳಿಯಲೇಬೇಕು.

ಕಾರ್ ನಿಕೋಬಾರ್ ವರ್ಗ ಇದಕ್ಕೆ ಸಿಕ್ಕ ಉತ್ತರ. 2009ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ಮೊದಲ ಹಡಗು ಸೇವೆಗೆ ಸೇರಿತು. 2011ರೊಳಗೆ ಹತ್ತು ಬಂದವು, ಎಲ್ಲಕ್ಕೂ ನಮ್ಮ ದೇಶದ ದ್ವೀಪಗಳ ಹೆಸರು. ನೌಕಾಪಡೆಯಲ್ಲಿ ವಾಟರ್ ಜೆಟ್ ಬಲದಿಂದ, ಅಂದರೆ ನೀರು ಹೀರಿ ಹಿಂದಕ್ಕೆ ಉಗುಳಿ ಓಡುವ ಮೊದಲ ಹಡಗುಗಳು ಇವೇ. ಉದ್ದ ಸುಮಾರು 48 ಮೀಟರ್, ತೂಕ 325 ಟನ್ ಆಸುಪಾಸು, ನೀರಿನೊಳಗೆ ಇಳಿಯುವುದು ಬರೀ ಎರಡು ಮೀಟರ್ ಚಿಲ್ಲರೆ. ವೇಗ 35 ನಾಟ್, ಅಂದರೆ ಗಂಟೆಗೆ ಸುಮಾರು 65 ಕಿ.ಮೀ. ಮುಂದೆ 30 ಮಿ.ಮೀ. ತೋಪು, ಮೇದಕ್ ಕಾರ್ಖಾನೆಯದು. ಇಗ್ಲಾ ಕ್ಷಿಪಣಿ, ಮೆಷಿನ್‌ಗನ್‌ಗಳು ಬೇರೆ. ಇಷ್ಟು ಸಣ್ಣ ಹಡಗಿನಿಂದ ಏನಾಗುತ್ತದೆ ಎನ್ನುವವರು 2011ರ ಜನವರಿಯ ಸುದ್ದಿ ತೆಗೆದು ನೋಡಲಿ: ಈ ವರ್ಗದ ಐಎನ್‌ಎಸ್ ಕನ್ಕಾರ್ಸೊ ಲಕ್ಷದ್ವೀಪದ ಸಮೀಪ ಸೊಮಾಲಿ ಕಡಲ್ಗಳ್ಳರ ತಾಯಿಹಡಗನ್ನು ತಡೆದು, ಹದಿನೈದು ಕಳ್ಳರನ್ನು ಹಿಡಿದು, ಒತ್ತೆಯಲ್ಲಿದ್ದ ಇಪ್ಪತ್ತು ಜನರನ್ನು ಬಿಡಿಸಿತು.

ಮೊದಲ ಹತ್ತನ್ನು ದುಡಿಸಿದ ಮೇಲೆ, ತಿದ್ದಬೇಕಾದ್ದನ್ನು ತಿದ್ದಿ ಇನ್ನೂ ನಾಲ್ಕು ಕಟ್ಟಿದರು. 2016–17ರಲ್ಲಿ ಬಂದ ಆ ನಾಲ್ಕರಲ್ಲಿ ತಿಲ್ಲಾಂಚಾಂಗ್ ಎಂಬುದು ನಮ್ಮ ಕಾರವಾರದಲ್ಲೇ 2017ರ ಮಾರ್ಚ್ 9ರಂದು ಸೇವೆಗೆ ಸೇರಿತು. ಹಳೆಯ ಟ್ರಿಂಕಟ್ ವರ್ಗದ ತಿಲ್ಲಾಂಚಾಂಗನ್ನು 2006ರಲ್ಲಿ ಮಾಲ್ಡೀವ್ಸ್‌ಗೆ ಕೊಟ್ಟಿದ್ದರು, ಹೆಸರು ಮತ್ತೆ ಮನೆಗೆ ಬಂತು. ಈ ನಾಲ್ಕರಲ್ಲಿ ಒಂದೊಂದಕ್ಕೂ ಎಂಟಿಯು ಕಂಪನಿಯ ಮೂರು ಡೀಸೆಲ್ ಇಂಜಿನ್, ತಲಾ 2,720 ಕಿಲೋವ್ಯಾಟ್, ಒಟ್ಟು 8,160. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಐವತ್ತು ಎಚ್‌ಪಿಯ ಇನ್ನೂರಕ್ಕೂ ಹೆಚ್ಚು ಟ್ರ್ಯಾಕ್ಟರುಗಳ ಬಲ ಒಂದು ಕೋಣೆಯೊಳಗೆ. ತೋಪಿಗೆ ಗುರಿ ತೋರಿಸುವ ಹಗಲು-ರಾತ್ರಿ ಕಣ್ಣು ನಮ್ಮ ಬಿಇಎಲ್‌ನದು.

ಮೂರು ಇಂಜಿನ್ ಯಾಕೆ, ಎರಡು ಸಾಲದೆ ಎಂದು ಹೊಸಬರು ಕೇಳುತ್ತಿದ್ದರು. ಬೆನ್ನಟ್ಟುವಾಗ ಮೂರೂ ಬೇಕು. ಸುಮ್ಮನೆ ಗಸ್ತು ತಿರುಗುವಾಗ ಅಷ್ಟು ಬೇಕಿಲ್ಲ, ಎಣ್ಣೆ ಉಳಿಯುತ್ತದೆ. ಒಂದು ಕೈಕೊಟ್ಟರೆ ಉಳಿದೆರಡು ಮನೆ ಮುಟ್ಟಿಸುತ್ತವೆ. ಕೊನೆಯ ಕಾರಣವೇ ದೊಡ್ಡದು. ದಡ ಕಾಣದ ಕಡೆ ಇಂಜಿನ್ ನಿಂತರೆ ಏನು ಗತಿ ಎಂಬ ಪ್ರಶ್ನೆ ಕಾಗದದ ಮೇಲೆ ಹಡಗು ಬರೆಯುವಾಗಲೇ ಕೇಳಿಕೊಂಡದ್ದು ಅದು. ನಮ್ಮ ರಕ್ಷಣಾ ದೋಣಿಗೆ ಎಷ್ಟು ಮೋಟರ್? ಒಂದು. ಅದು ನಿಂತರೆ? ಬೇವಿನ ಮರ ಸಿಗಬೇಕು.

ಈಗ ಜೆಟ್ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಶೆಡ್ಡಿನ ಹುಡುಗರಿಗೆ ಹೇಳಿದರೆ ಬಾಯಿ ಬಿಟ್ಟು ಕೇಳುತ್ತಾರೆ. ಹಡಗಿನ ಹೊಟ್ಟೆಯಲ್ಲಿ ಒಂದು ದೊಡ್ಡ ಬಾಯಿ, ಅದಕ್ಕೆ ಕಂಬಿಯ ಜಾಲರಿ. ಒಳಗೆ ಇಂಪೆಲರ್ ಎಂಬ ರೆಕ್ಕೆಚಕ್ರ ತಿರುಗಿ ನೀರನ್ನು ಹೀರಿ, ಹಿಂಬದಿಯ ನಳಿಕೆಯಿಂದ ರಭಸವಾಗಿ ಉಗುಳುತ್ತದೆ. ಆ ಉಗುಳುವಿಕೆಯೇ ಹಡಗನ್ನು ತಳ್ಳುವುದು. ನಳಿಕೆ ಎಡಕ್ಕೆ ಬಲಕ್ಕೆ ಹೊರಳಿದರೆ ಹಡಗು ಹೊರಳುತ್ತದೆ, ಬೇರೆ ಚುಕ್ಕಾಣಿ ಬೇಕಿಲ್ಲ. ನಳಿಕೆಯ ಮುಂದೆ ಬಕೆಟ್ ಎನ್ನುವ ಉಕ್ಕಿನ ಮುಚ್ಚಳ ಇಳಿಸಿದರೆ ನೀರು ಮುಂದಕ್ಕೆ ತಿರುಗಿ, ಓಡುತ್ತಿದ್ದ ಹಡಗು ಅಲ್ಲೇ ತಡೆದು ನಿಲ್ಲುತ್ತದೆ. ಮೊದಲ ಸಲ ಆ ಬಕೆಟ್ ಇಳಿಸಿದಾಗ ಇಂಜಿನ್ ರೂಮಿನಲ್ಲಿ ನಿಂತವನು ಕಂಬಿ ಹಿಡಿಯದಿದ್ದರೆ ಮುಖ ಒಡೆದುಕೊಳ್ಳುತ್ತಾನೆ. ಹೊಟ್ಟೆಯ ಕೆಳಗೆ ಜೋತಾಡುವ ರೆಕ್ಕೆ ಇಲ್ಲದ್ದರಿಂದ ಬಂಡೆಗೆ ಬಡಿಯುವ ಭಯ ಕಡಿಮೆ. ನೀರಿಗೆ ಬಿದ್ದವನನ್ನು ಎತ್ತಿಕೊಳ್ಳಲು ಹತ್ತಿರ ಹೋದರೆ ಅವನ ಕಾಲಿಗೆ ರೆಕ್ಕೆ ತಗಲುವ ಭಯವೂ ಇಲ್ಲ. ಪ್ರವಾಹದಲ್ಲಿ ಈಜುತ್ತಿರುವವನ ಬಳಿಗೆ ಹೋಗುವ ದೋಣಿಗೆ ಇದಕ್ಕಿಂತ ದೊಡ್ಡ ಗುಣ ಬೇಕೆ?

ಈ ಜೆಟ್ ಮೊದಲು ಸಮುದ್ರಕ್ಕೆಂದು ಹುಟ್ಟಿದ್ದಲ್ಲ. ನಮ್ಮ ಹಡಗಿನ ಜೆಟ್‌ಗಳ ಮೇಲೆ ಹ್ಯಾಮಿಲ್ಟನ್ ಎಂಬ ಹೆಸರು ಇತ್ತು. ಬಿಲ್ ಹ್ಯಾಮಿಲ್ಟನ್ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕುರಿ ಸಾಕಿಕೊಂಡು, ಜೊತೆಗೆ ಯಂತ್ರ ತಯಾರಿಸುತ್ತಿದ್ದ ಮನುಷ್ಯ. ಅವನ ಹೊಲದ ಸುತ್ತಲಿನ ಹೊಳೆಗಳು ತೆಳುವಾಗಿ, ಹರಳು-ಬಂಡೆಗಳ ಮೇಲೆ ಹತ್ತು ಕವಲಾಗಿ ಹರಿಯುವಂಥವು, ಪ್ರೊಪೆಲರ್ ದೋಣಿ ಅಲ್ಲಿ ನಡೆಯುತ್ತಿರಲಿಲ್ಲ. 1950ರ ದಶಕದಲ್ಲಿ ಅವನು ಹೀರುವ ಬಾಯಿಯನ್ನು ದೋಣಿಯ ತಳದಲ್ಲೂ, ಉಗುಳುವ ನಳಿಕೆಯನ್ನು ಹಿಂಬದಿಯಲ್ಲಿ ನೀರಿನ ಮಟ್ಟದಿಂದ ಮೇಲೂ ಇಟ್ಟು ಈ ಜೆಟ್ ಪಳಗಿಸಿದ. 1960ರಲ್ಲಿ ಅವನ ಜೆಟ್ ದೋಣಿಗಳು ಅಮೆರಿಕದ ಕೊಲರಾಡೊ ನದಿಯಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ನಿನ ಸೆಳವಿಗೆ ಎದುರಾಗಿ ಮೇಲಕ್ಕೆ ಹತ್ತಿದವು. ಬಂಡೆ ತುಂಬಿದ ಹೊಳೆಯೊಂದರ ದಡದಲ್ಲಿ ಕೂತವನು ತನ್ನ ಹೊಳೆ ನೋಡಿ ಮಾಡಿದ ಯಂತ್ರ ಮುಂದೆ ನಮ್ಮ ನೌಕಾಪಡೆಯ ಹಡಗಿಗೆ ಬಂತು. ನಾರಾಯಣಪುರದಿಂದ ಜಲದುರ್ಗದತ್ತ ಕೃಷ್ಣೆ ಹರಿಯುವುದನ್ನು ನೋಡಿದವರಿಗೆ ಅವನ ಹೊಳೆ ಹೇಗಿತ್ತು ಎಂದು ನಾನು ಬೇರೆ ವರ್ಣಿಸಬೇಕಿಲ್ಲ.

ಹಾಗಾದರೆ ಎಲ್ಲ ಕಡೆಗೂ ಜೆಟ್ ದೋಣಿ ಕೊಂಡುಬಿಡಿ ಎಂದು ಬರೆದರೆ ಅದು ಮೋಸವಾದೀತು. ಜೆಟ್‌ಗೆ ತನ್ನದೇ ರೋಗಗಳಿವೆ. ಹೀರುವ ಬಾಯಿಗೆ ಕಸ ಬಂದರೆ ಜಾಲರಿ ಕಟ್ಟಿಕೊಳ್ಳುತ್ತದೆ, ಇಂಜಿನ್ ಕೂಗುತ್ತದೆ, ಹಡಗು ಹೋಗುವುದಿಲ್ಲ. ಮೀನುಬಲೆಯ ತುಂಡು ಹೀರಿಕೊಂಡು, ಡೈವರ್ ಚಾಕು ಕಚ್ಚಿಕೊಂಡು ಕೆಳಗಿಳಿದದ್ದನ್ನು ನಾನು ಬಲ್ಲೆ. ಪ್ರವಾಹದ ನೀರಿನಲ್ಲಿ ತೊಗರಿ ಕಟ್ಟಿಗೆ, ಭತ್ತದ ಹುಲ್ಲು, ಅಂತರಗಂಗೆ, ಪ್ಲಾಸ್ಟಿಕ್ ಚೀಲ ಎಲ್ಲವೂ ತೇಲಿ ಬರುತ್ತವೆ. ಮರಳು ಇಂಪೆಲರನ್ನು ತಿನ್ನುತ್ತದೆ. ನಿಧಾನವಾಗಿ ಭಾರ ಹೊತ್ತು ಹೋಗುವಾಗ ಪ್ರೊಪೆಲರಿಗಿಂತ ಜೆಟ್‌ಗೆ ಎಣ್ಣೆ ಜಾಸ್ತಿ. ಬೆಲೆಯೂ ಜಾಸ್ತಿ. ಔಟ್‌ಬೋರ್ಡ್ ಮೋಟರಿಗೇ ಪ್ರೊಪೆಲರ್ ತೆಗೆದು ಜೆಟ್ ಘಟಕ ಜೋಡಿಸುವ ಅಗ್ಗದ ದಾರಿ ಇದೆ, ಆದರೆ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಅಲ್ಲೇ ಹೋಗುತ್ತದೆ. ದೊಡ್ಡ ಮೋಟರ್ ಬೇಕಾಗುತ್ತದೆ. ತುಂಗಭದ್ರಾ ಹಿನ್ನೀರಿನಂಥ ಆಳದ, ಸೆಳವಿಲ್ಲದ ಕಡೆ ಸುತ್ತ ಬಳೆ ಹಾಕಿದ ಪ್ರೊಪೆಲರೇ ಸಾಕು. ಬಂಡೆಯ ಹೊಳೆಗೆ ಜೆಟ್, ಅದರ ಜಾಲರಿಯನ್ನು ದೋಣಿಯೊಳಗಿಂದಲೇ ಬಾಚುವ ಸಲಕರಣೆಯ ಸಮೇತ. ಗದ್ದೆ ಮುಳುಗಿದ ಕಡೆ ಹುಟ್ಟಿನ ದೋಣಿ. ಒಂದೇ ಟೆಂಡರಿನ ಒಂದೇ ಸಾಲಿನಲ್ಲಿ ಇವೆಲ್ಲ ಹಿಡಿಯುವುದಿಲ್ಲ.

ರಬ್ಬರ್ ದೋಣಿಯ ಬಗ್ಗೆಯೂ ಒಂದು ಮಾತು. ಗಾಳಿ ತುಂಬಿದ ದೋಣಿ ಲಾರಿಯಲ್ಲಿ ಸಾಗಿಸಲು ಸುಲಭ, ಮಗುಚುವುದು ಕಡಿಮೆ, ನಿಜ. ಆದರೆ ನಮ್ಮ ಹೊಳೆದಂಡೆ ತುಂಬ ಬಳ್ಳಾರಿ ಜಾಲಿ. ನೀರು ಏರಿದಾಗ ಆ ಮುಳ್ಳು ನೀರಿನ ಮೇಲ್ಮಟ್ಟದ ಕೆಳಗೆ ಗೇಣುದ್ದ ಅಡಗಿರುತ್ತದೆ. ಟ್ರ್ಯಾಕ್ಟರ್ ಟೈರನ್ನೇ ಬಿಡದ ಮುಳ್ಳು ರಬ್ಬರ್ ದೋಣಿಯನ್ನು ಬಿಟ್ಟೀತೆ? ದಡ ಬಿಡುವ ಕಡೆ, ದಡ ಸೇರುವ ಕಡೆ ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತಳ ಬೇಕು. ಈ ಸಾಲನ್ನು ಬೇರೆ ರಾಜ್ಯದ ಯಾವ ಕ್ಯಾಟಲಾಗೂ ತಮಗೆ ಬರೆದುಕೊಡುವುದಿಲ್ಲ, ಯಾಕೆಂದರೆ ಜಾಲಿ ನಮ್ಮದು.

ಇನ್ನು ವೇಗ. ಟೆಂಡರಿನಲ್ಲಿ ಗರಿಷ್ಠ ವೇಗ ಇಷ್ಟು ಎಂದು ಬರೆದಿರುತ್ತದೆ. ಎಷ್ಟು ಭಾರ ಹೊತ್ತಾಗ? ಅದು ಬರೆದಿರುವುದಿಲ್ಲ. ಒಬ್ಬ ಚಾಲಕ, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ನಿಂತ ನೀರಿನಲ್ಲಿ ಓಡಿಸಿದರೆ ಯಾವ ದೋಣಿಯೂ ಹಾರುತ್ತದೆ. ಹತ್ತು ಜನ ಕೂತಾಗ ಅದೇ ದೋಣಿ ಗಂಟೆಗೆ 15 ಕಿ.ಮೀ. ಹೋಯಿತೆನ್ನಿ, ಹೊಳೆಯ ಸೆಳವು 12 ಕಿ.ಮೀ. ಎನ್ನಿ. ಮೇಲ್ಮುಖವಾಗಿ ಉಳಿಯುವುದು ಮೂರೇ. ಒಂದು ಕಿಲೋಮೀಟರಿಗೆ ಇಪ್ಪತ್ತು ನಿಮಿಷ, ಅಷ್ಟೂ ಹೊತ್ತು ಇಂಜಿನ್ ಪೂರ್ತಿ ಕೂಗಬೇಕು. ಭಾರ ಹೊತ್ತೂ 30 ಕಿ.ಮೀ. ಹೋಗುವ ದೋಣಿಯಾದರೆ ಮೂರು ನಿಮಿಷ ಚಿಲ್ಲರೆ. ನೌಕಾಪಡೆ ಹಡಗಿನ ವೇಗ ಅಳೆಯುವಾಗ ಗುರುತು ಹಾಕಿದ ದೂರದಲ್ಲಿ ಅತ್ತ ಒಮ್ಮೆ, ಇತ್ತ ಒಮ್ಮೆ ಓಡಿಸುತ್ತಾರೆ. ನೀರಿನ ಸೆಳವು ಸಹಾಯ ಮಾಡಿದ್ದು, ಅಡ್ಡಿಮಾಡಿದ್ದು ಎರಡೂ ಲೆಕ್ಕಕ್ಕೆ ಬರಲಿ ಅಂತ. ಸಮುದ್ರದಲ್ಲಿ ಓಡಿಸಿ, ಭಾರ ಹೊರಿಸಿ, ನಿಲ್ಲಿಸಿ, ತಿರುಗಿಸಿ, ಎಲ್ಲ ಸರಿ ಬಂದ ಮೇಲೆಯೇ ಹಡಗನ್ನು ಒಪ್ಪಿಕೊಳ್ಳುವುದು. ನಮ್ಮಲ್ಲಿ ಜಿಲ್ಲಾ ಕಚೇರಿಯ ಆವರಣದಲ್ಲಿ ಟ್ರೈಲರ್ ಮೇಲೆ ನಿಂತ ದೋಣಿಗೆ ಹೂವಿನ ಹಾರ ಹಾಕಿ ಒಪ್ಪಿಕೊಂಡದ್ದನ್ನು ಫೋಟೋದಲ್ಲಿ ನೋಡಿದ್ದೇನೆ. ನನಗೆ ಸಂಕಟವಾಯಿತು.

ಆದ್ದರಿಂದ ಬಿಲ್ ಪಾಸಾಗುವ ಮೊದಲು ದೋಣಿ ಹೊಳೆಗಿಳಿಯಲಿ. ಗೇಟಿನಿಂದ ನೀರು ಬಿಟ್ಟಿರುವ ದಿನ, ಜನರ ತೂಕದ ಮರಳಿನ ಚೀಲ ತುಂಬಿ, ಸೆಳವಿಗೆ ಎದುರಾಗಿ ಮತ್ತು ಸೆಳವಿನ ಜೊತೆ, ಎರಡೂ ಕಡೆ ಓಡಿಸಿ ತೋರಿಸಲಿ. ನಡುಹೊಳೆಯಲ್ಲಿ ಒಂದು ಮೋಟರ್ ನಿಲ್ಲಿಸಿ, ಇನ್ನೊಂದರಿಂದ ದಡ ಮುಟ್ಟಲಿ. ಮೂರೂ ಜಿಲ್ಲೆಗಳು ಕೂಡಿ ಒಂದೇ ಮಾದರಿಯ ಮೋಟರ್ ಕೊಂಡರೆ ರಾಯಚೂರಿನ ಬಿಡಿಭಾಗ ಕೊಪ್ಪಳಕ್ಕೆ ಆಗುತ್ತದೆ, ಗಂಗಾವತಿಯ ಮೆಕ್ಯಾನಿಕ್ ಕಲಿತದ್ದು ದೇವದುರ್ಗಕ್ಕೆ ಬರುತ್ತದೆ. ಹತ್ತು ಹಡಗು ಒಂದೇ ಅಚ್ಚಿನಲ್ಲಿ ಇದ್ದದ್ದರಿಂದ ನಾನು ಯಾವ ಹಡಗಿಗೆ ಹೋದರೂ ಕತ್ತಲೆಯಲ್ಲೂ ವಾಲ್ವ್ ಎಲ್ಲಿದೆ ಎಂದು ಕೈಗೆ ಗೊತ್ತಿರುತ್ತಿತ್ತು.

ಮತ್ತು ಅಂಬಿಗರು. ಹೂಗ್ಲಿ ನದಿಯಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತವೆ; ಎಂಥ ದೊಡ್ಡ ಹಡಗಿನ ಕ್ಯಾಪ್ಟನ್ನೂ ಅಲ್ಲಿನ ನೀರು ಬಲ್ಲ ಪೈಲಟನ್ನು ಹತ್ತಿಸಿಕೊಂಡೇ ಹೋಗುತ್ತಾನೆ, ಅದರಲ್ಲಿ ಅವನಿಗೆ ಅವಮಾನವಿಲ್ಲ. ನಮ್ಮ ಗಡ್ಡಿಗಳಲ್ಲಿ ತಲೆಮಾರುಗಳಿಂದ ಹರಿಗೋಲು ನಡೆಸಿದವರಿಗೆ ಯಾವ ಬಂಡೆ ಎಷ್ಟು ನೀರಿಗೆ ಮುಳುಗುತ್ತದೆ, ಸುಳಿ ಎಲ್ಲಿ ಏಳುತ್ತದೆ ಎಂದು ಗೊತ್ತು. ಪ್ರವಾಹ ಬಂದಾಗ ಅವರನ್ನು "ಅಪಾಯ, ದೂರ ನಿಲ್ಲಿ" ಎಂದು ದಡದಲ್ಲಿ ನಿಲ್ಲಿಸುತ್ತೇವೆ, ಹೊಳೆ ಕಾಣದ ಹುಡುಗರನ್ನು ನೀರಿಗೆ ಕಳಿಸುತ್ತೇವೆ. ಇದು ಎರಡೂ ಕಡೆಯವರಿಗೆ ಅನ್ಯಾಯ. ಅವರಿಗೆ ಲೈಫ್ ಜಾಕೆಟ್ ಕೊಡಿ, ಮಳೆಗಾಲದ ತಿಂಗಳುಗಳಿಗೆ ಗೌರವಧನ ಕೊಡಿ, ವಿಮೆ ಮಾಡಿಸಿ, ಪ್ರತಿ ರಕ್ಷಣಾ ದೋಣಿಯ ಮುಂಭಾಗದಲ್ಲಿ ಒಬ್ಬರನ್ನು ದಾರಿ ತೋರಿಸಲು ಕೂಡಿಸಿ. ಹಿಂದೆ ಮೋಟರ್ ಹಿಡಿದವನು ಅವರ ಕೈಸನ್ನೆ ನೋಡಿ ನಡೆಸಲಿ. ಹೊಳೆಯ ಮೇಲೆ ಹಾದುಹೋದ ಕರೆಂಟ್ ತಂತಿ ನೀರು ಏರಿದಾಗ ತಲೆಗೆ ತಾಗುವಷ್ಟು ಹತ್ತಿರ ಬರುತ್ತದೆ; ಯಾವ ತಂತಿ ಎಲ್ಲಿದೆ ಎಂಬುದೂ ಅವರಿಗೇ ಗೊತ್ತು.

ಕಾರವಾರದ ನೌಕಾನೆಲೆಗೆ ತಾವು ಒಂದು ಪತ್ರ ಬರೆದು, ಅಗ್ನಿಶಾಮಕ ದಳದ ಇಬ್ಬರು, ಐಟಿಐನ ಒಬ್ಬ ಡೀಸೆಲ್ ಮೆಕ್ಯಾನಿಕ್ ಮೇಷ್ಟ್ರು, ಇಬ್ಬರು ಅಂಬಿಗರು, ಇಷ್ಟು ಜನರನ್ನು ಜೆಟ್ ಹಡಗಿನ ಕೆಲಸ ನೋಡಲು ಕಳಿಸಿ. ಸ್ಪೆಸಿಫಿಕೇಶನ್ನಿನ ಕರಡನ್ನು ಅವರೇ ಕೂತು ಬರೆಯಲಿ. ಟೆಂಡರಿಗೆ ಹೋಗುವ ಮುಂಚೆ ಅದನ್ನು ಕನ್ನಡದಲ್ಲಿ ಹೊಳೆದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಹಚ್ಚಿಸಿ, ಜನ ಓದಿ ತಿದ್ದಲಿ. ನನ್ನ ಶೆಡ್ಡಿನ ಬಾಗಿಲು ಯಾವತ್ತೂ ತೆರೆದಿದೆ. ಬದಲಿ ಪ್ರೊಪೆಲರ್, ಬುಷ್, ಪ್ಲಗ್, ಇಂಪೆಲರ್ ಒಂದೊಂದು ಜೊತೆ ಪ್ರತಿ ದೋಣಿಯ ಚೀಲದಲ್ಲಿ ಇವೆಯೇ ಎಂದು ಮೇ ತಿಂಗಳಲ್ಲಿ ನೋಡಿಕೊಡುವ ಕೆಲಸಕ್ಕೆ ನಾನು ಒಂದು ರೂಪಾಯಿ ಕೇಳುವುದಿಲ್ಲ. ಮೊದಲ ಪರೀಕ್ಷೆಯನ್ನು ಶೀಲಹಳ್ಳಿಯಲ್ಲೇ ಇಟ್ಟುಕೊಳ್ಳಿ, ದಿನ ತಿಳಿಸಿದರೆ ಮರಳಿನ ಚೀಲಗಳನ್ನು ನಾವೇ ತುಂಬಿಸಿಟ್ಟಿರುತ್ತೇವೆ.

ತಮ್ಮ ವಿಶ್ವಾಸಿ,
ನೌಕಾಪಡೆಯ ನಿವೃತ್ತ ಇಂಜಿನ್ ರೂಮ್ ನಾವಿಕ,
ಲಿಂಗಸೂಗೂರು ತಾಲ್ಲೂಕು, ರಾಯಚೂರು ಜಿಲ್ಲೆ